ಅತ್ತೆ ಕೋಲು ಹಿಡಿದದ್ದು

ನಾನು ಮದುವೆಯಾಗಿ ಕಾಮಸಮುದ್ರದ ಕಡೆಯ ಹಳ್ಳಿಗೆ ಬಂದಾಗ ನನಗೆ ಮೂರು ಭಾಷೆ ಬರುತ್ತಿತ್ತು. ಊರಿನವರ ಪ್ರಕಾರ ಮೂರರಲ್ಲಿ ಒಂದೂ ಸರಿಯಾಗಿ ಬರುತ್ತಿರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಊರಿಗಾಂನ ಚಿನ್ನದ ಗಣಿ ಲೈನಿನಲ್ಲಿ. ಅಪ್ಪ ಗಣಿಯೊಳಗೆ ಇಳಿಯುತ್ತಿದ್ದರು. ಆ ಸಾಲುಮನೆಗಳಲ್ಲಿ ನಮ್ಮ ಎಡಗೋಡೆಯ ಆಚೆ ತಮಿಳು, ಬಲಗೋಡೆಯ ಆಚೆ ತೆಲುಗು, ನಡುವೆ ನಮ್ಮ ಮನೆಯ ಕನ್ನಡ. ಗೋಡೆಗಳು ತೆಳ್ಳಗಿದ್ದುದರಿಂದ ಯಾವ ಭಾಷೆಯೂ ತನ್ನ ಮನೆಯಲ್ಲೇ ಉಳಿಯುತ್ತಿರಲಿಲ್ಲ. ಅಮ್ಮ ಒಂದು ಭಾಷೆಯಲ್ಲಿ ಮಾತು ಶುರುಮಾಡಿ, ಇನ್ನೊಂದರಲ್ಲಿ ಬೈದು, ಮೂರನೆಯದರಲ್ಲಿ ಊಟಕ್ಕೆ ಕರೆಯುತ್ತಿದ್ದಳು. ನನಗೂ ಅದೇ ರೂಢಿ. ಹಳ್ಳಿಗೆ ಬಂದ ಹೊಸತರಲ್ಲಿ ಬೋರಿಂಗ್ ಹತ್ತಿರ ನೀರಿಗೆ ನಿಂತಿದ್ದ ಹೆಂಗಸರಿಗೆ, "ಕೊಂಜ ಸರೀರಿ, ಬಿಂದಿಗೆ ಇಡ್ತೀನಿ" ಎಂದುಬಿಟ್ಟೆ. 'ಸ್ವಲ್ಪ' ಎನ್ನುವ ಕಡೆ ತಮಿಳಿನ 'ಕೊಂಜ' ಬಂದುಬಿಟ್ಟಿತ್ತು. ಅಷ್ಟೇ. ಸಂಜೆಯೊಳಗೆ ಊರಿಗೆಲ್ಲ ನಾನು 'ತಮಿಳು ಸೊಸೆ'.

ನಗುವವರು ನಗಲಿ ಎಂದು ಸುಮ್ಮನಿರಬಹುದಿತ್ತು. ಆದರೆ ಮನೆಯಲ್ಲಿ ಅತ್ತೆ ಇದ್ದರು.

ನಮ್ಮತ್ತೆ ಎತ್ತರದ, ಗಟ್ಟಿಮುಟ್ಟಾದ ಹೆಂಗಸು. ಬೆನ್ನು ನೆಟ್ಟಗೆ, ಮುಖ ಬಿಗಿ. ನಾನು ಏನು ಹೇಳಿದರೂ ಅವರು ನನ್ನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ಆಮೇಲೆ ಸಂಬಂಧವಿಲ್ಲದ ಏನನ್ನೋ ಹೇಳುತ್ತಿದ್ದರು. ಒಂದು ಬೆಳಿಗ್ಗೆ ಒಲೆಯ ಮುಂದಿನಿಂದ, "ಅತ್ತೆ, ಹಾಲು ಒಡೀತು" ಎಂದೆ. ಅವರು ನನ್ನ ಪಾದದ ಕಡೆ ನೋಡಿದರು.

"ಅರಳೆಣ್ಣೆ ಅಚ್ಕೊಂಡು ಮಲಕ್ಕೋ. ಬರಿಗಾಲಲ್ಲಿ ತಿರುಗಿದ್ರೆ ಒಡೀದೆ ಇನ್ನೇನ್ ಮಾಡ್ತದೆ?"

ನನ್ನ ಹಾಲು ಅವರಿಗೆ ಕಾಲಾಗಿತ್ತು. ನನ್ನ ಉಚ್ಚಾರದ ತಪ್ಪೇ ಇರಬೇಕು ಎಂದುಕೊಂಡೆ. ಅವರು ಹೊರಗೆ ಜಗಲಿಯ ಮೇಲೆ ಕೂತವರಿಗೆ ಹೇಳುತ್ತಿದ್ದುದೂ ಅದನ್ನೇ: "ಏನ್ ಮಾತಾಡ್ತಾಳೋ ನಂಗೊಂದೂ ತಿಳಿಯಲ್ಲಮ್ಮ. ಎಲ್ಲಾ ತಮಿಳು." ಇದನ್ನು ಅವರು ಎಷ್ಟು ಗಟ್ಟಿಯಾಗಿ ಹೇಳುತ್ತಿದ್ದರೆಂದರೆ ಒಳಗಿನ ನನಗಷ್ಟೇ ಅಲ್ಲ, ಕೊಟ್ಟಿಗೆಯ ಹಸುವಿಗೂ ಕೇಳುತ್ತಿತ್ತು.

ನಾನು ದನ ಕಟ್ಟುವಾಗ, ರೊಪ್ಪ ಗುಡಿಸುವಾಗ, ಒಬ್ಬಳೇ ಇರುವಾಗಲೆಲ್ಲ ಹಳ್ಳಿಯ ಕನ್ನಡವನ್ನು ಬಾಯಿಗೆ ಕೂರಿಸಿಕೊಳ್ಳುವ ಅಭ್ಯಾಸ ಮಾಡಿದೆ. ಓಗ್ತೀನಿ, ಬತ್ತೀನಿ, ಅಂಗೆ, ಇಂಗೆ. ಬೋರಿಂಗ್ ಹತ್ತಿರದ ಹೆಂಗಸರು ಕ್ರಮೇಣ ಒಪ್ಪಿಕೊಂಡರು. ಅತ್ತೆಯ ಮುಂದೆ ಮಾತ್ರ ಯಾವ ಪ್ರಗತಿಯೂ ಕಾಣಲಿಲ್ಲ. ಮಾವನವರನ್ನು ಕೇಳೋಣವೆಂದರೆ ಅವರು ಮಾತೇ ಆಡದ ಮನುಷ್ಯ. ಊಟಕ್ಕೆ ಕೂತರೆ ತಟ್ಟೆಯನ್ನು ಮುಂದೆ ತಳ್ಳಿದರೆ ಇನ್ನೂ ಬೇಕು, ಹಿಂದೆ ಎಳೆದುಕೊಂಡರೆ ಸಾಕು. ಗಂಡನಿಗೆ ಹೇಳಿದರೆ, "ಅಮ್ಮ ಮೊದ್ಲಿಂದ್ಲೂ ಅಂಗೇ" ಎಂದು ಹಾಲಿನ ಕ್ಯಾನು ಸೈಕಲ್ಲಿಗೆ ಕಟ್ಟಿಕೊಂಡು ಹೋಗುತ್ತಿದ್ದ.

ಮೊದಲಿಂದಲೂ ಹಾಗೆ ಇರಲಿಲ್ಲವಂತೆ. ಒಂದು ಕಾಲಕ್ಕೆ ಅತ್ತೆ ಇಲ್ಲದೆ ಊರಲ್ಲಿ ಸೋಬಾನೆ ಶುರುವಾಗುತ್ತಿರಲಿಲ್ಲ ಎಂದು ಹಳಬರು ಹೇಳುತ್ತಿದ್ದರು. ಕೆಲವು ವರ್ಷಗಳಿಂದ ಮದುವೆ ಮನೆಗೆ ಹೋಗುವುದನ್ನೇ ಬಿಟ್ಟಿದ್ದರು. ಯಾರಾದರೂ ಕರೆಯಲು ಬಂದರೆ ಮಂಡಿನೋವು. ಹತ್ತು ಜನ ಸೇರಿದ ಕಡೆ ಕೂರುತ್ತಿರಲಿಲ್ಲ. ಊರವರು ಇದನ್ನು ಜಂಬ ಎಂದು ತೀರ್ಮಾನಿಸಿದ್ದರು. ನಾನೂ ಆ ತೀರ್ಮಾನಕ್ಕೆ ಸಂತೋಷವಾಗಿ ಸೇರಿಕೊಂಡೆ.

ಎಂಬತ್ತರ ದಶಕದ ಮೊದಲ ವರ್ಷಗಳಿರಬೇಕು, ಬಂಗಾರಪೇಟೆಯಿಂದ ಒಬ್ಬ ಗ್ರಾಮಸೇವಕಿ ನಮ್ಮೂರಿಗೆ ಬರತೊಡಗಿದರು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಕೊಡೆ, ತುಂಬಾ ಉತ್ಸಾಹ. ಮಹಿಳಾ ಮಂಡಳಿ ಮಾಡಬೇಕು, ಎಲ್ಲರೂ ಸೇರಿ ಏನಾದರೂ ಕಲಿಯಬೇಕು ಎಂದರು. ಮೊದಲು ಕಸೂತಿ ತಂದರು. ದಿನವಿಡೀ ಕಳೆ ಕಿತ್ತು ಬಂದ ಹೆಂಗಸರು ಸೂಜಿ ಹಿಡಿದು ಕೂತಲ್ಲೇ ತೂಕಡಿಸಿದರು. ಆಮೇಲೆ ಒಂದು ದಿನ, "ನಿಮಗೇನು ಬರುತ್ತೆ ಹೇಳಿ, ಅದನ್ನೇ ಮಾಡೋಣ" ಎಂದರು. ಎಲ್ಲರೂ ಮುಖ ಮುಖ ನೋಡಿಕೊಂಡರು. ಹಿಂದೆ ನಿಂತಿದ್ದ ಒಬ್ಬಳು, "ಕೋಲಾಟ ಬತ್ತದೆ" ಎಂದಳು.

ಅವಳು ಕೆಳಗಿನ ಕೇರಿಯವಳು. ನಮ್ಮ ಹೊಲಕ್ಕೂ ಕೂಲಿಗೆ ಬರುತ್ತಿದ್ದಳು. ಅವಳ ಗಂಟಲು ಎಂಥದೆಂದರೆ, ಕೆರೆಯ ಆಚೆ ಬದಿಯಲ್ಲಿ ಹಾಡಿಕೊಂಡು ನಾಟಿ ಹಾಕಿದರೆ ಈಚೆ ಬದಿಯ ನಮ್ಮ ಕೈ ತಾನಾಗಿ ಆ ಲಯಕ್ಕೆ ಬೀಳುತ್ತಿತ್ತು. ಹಾಡುವವಳು ಅವಳೇ ಎಂದಾಯಿತು. ಜಾಗ ಯಾವುದು ಎಂಬ ಪ್ರಶ್ನೆ ಬಂತು. ಊರಲ್ಲಿ ದೊಡ್ಡ ಅಂಗಳ ಇದ್ದದ್ದು ನಮ್ಮ ಮನೆಗೆ. ಅತ್ತೆಯನ್ನು ಕೇಳಲಾಯಿತು. ಅವರು ಗ್ರಾಮಸೇವಕಿಯನ್ನು ದಿಟ್ಟಿಸಿ ನೋಡಿ ಗಂಭೀರವಾಗಿ ತಲೆಯಾಡಿಸಿದರು. ಅವರು ಏನೆಂದು ತಿಳಿದು ತಲೆಯಾಡಿಸಿದರೋ, ಅವತ್ತಿಗೂ ಇವತ್ತಿಗೂ ಗೊತ್ತಿಲ್ಲ.

ನನ್ನ ಗಂಡ ಗೊಣಗಿಕೊಂಡೇ ಹುಣಸೆ ಕೊಂಬೆಗಳನ್ನು ಕಡಿದು ಕೋಲು ಕೆತ್ತಿಕೊಟ್ಟ. "ಬಾಯಲ್ಲಿ ಆಡೋ ಕೋಲಾಟ ಸಾಲ್ದು ಅಂತ ಕೈಗೂ ಬೇಕಾ?" ಎಂದ. ಕೆಲಸ ಮುಗಿದ ಮೇಲೆ, ಹೊತ್ತು ಇಳಿಯುವ ಮುಂಚೆ ಅಂಗಳದಲ್ಲಿ ಅಭ್ಯಾಸ ಶುರುವಾಯಿತು. ನಾನು ಸೇರಿದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ. ಕೋಲಾಟದಲ್ಲಿ ಯಾರೂ ಮಾತಾಡುವುದಿಲ್ಲ, ಹಾಡುವವಳು ಹಾಡುತ್ತ ಆಡುತ್ತಾಳೆ, ಉಳಿದವರು ಬರೀ ಬಡಿಯುತ್ತಾರೆ. ನನ್ನಂಥವಳಿಗೆ ಇದಕ್ಕಿಂತ ಒಳ್ಳೆಯ ಕಲೆ ಎಲ್ಲಿ ಸಿಗುತ್ತದೆ?

ಎಲ್ಲಾ ಸರಿಯಾಗಿ ನಡೆಯುತ್ತಿರುವಾಗ ನನ್ನ ಜೋಡಿಯವಳು ಹೆರಿಗೆಗೆ ತವರಿಗೆ ಹೋದಳು. ಕೋಲಾಟಕ್ಕೆ ಬೆಸ ಸಂಖ್ಯೆ ಆಗದು. ಒಬ್ಬರ ಕೋಲಿಗೆ ಎದುರು ಇನ್ನೊಬ್ಬರ ಕೋಲು ಇರಲೇಬೇಕು. ಆ ಸಂಜೆ ನಾನು ಗಾಳಿಗೆ ಕೋಲು ಬೀಸುತ್ತ ನಿಂತಿದ್ದನ್ನು ನೋಡಿ ಎಲ್ಲರೂ ನಕ್ಕರು. ಸಿಟ್ಟು ಬಂತು. ಒಳಗೆ ಹೋಗಿ, ಅಕ್ಕಿ ಆರಿಸುತ್ತಿದ್ದ ಅತ್ತೆಗೆ, "ಅತ್ತೆ, ಕೋಲಾಟ ಆಡೋಣ ಬನ್ನಿ" ಎಂದೆ. ಬರುವುದಿಲ್ಲ ಎಂಬ ಧೈರ್ಯದಿಂದಲೇ ಕರೆದದ್ದು.

ಅತ್ತೆ ಮೊರವನ್ನು ಪಕ್ಕಕ್ಕಿಟ್ಟು, ಬಾಗಿಲ ಮೂಲೆಯ ಕೋಲು ತೆಗೆದುಕೊಂಡು ಸರಸರನೆ ಅಂಗಳಕ್ಕೆ ಬಂದರು.

ಹೆಂಗಸರೆಲ್ಲ ಆಟ ನಿಲ್ಲಿಸಿದರು. ಅತ್ತೆಯೂ ನಿಂತು ನೋಡಿದರು. ಎಲ್ಲರ ಕೈಯಲ್ಲೂ ಕೋಲು. ಅವರ ಕೈಯಲ್ಲೂ ಕೋಲು. ಅವರು ನಿಜವಾಗಿ ಬಂದದ್ದು ಕೋಳಿ ಅಟ್ಟಲು. ಒಣಹಾಕಿದ ರಾಗಿಗೆ ಕೋಳಿ ನುಗ್ಗಿದೆ, ಅಟ್ಟೋಣ ಬನ್ನಿ ಎಂದು ಸೊಸೆ ಕರೆದಳು ಎಂದುಕೊಂಡಿದ್ದರು. ಇದನ್ನು ಅವರೇ ಎಷ್ಟೋ ವರ್ಷಗಳ ಮೇಲೆ ನನಗೆ ಹೇಳಿದ್ದು. ಅವತ್ತು ಮಾತ್ರ ಮುಖದಲ್ಲಿ ಏನನ್ನೂ ತೋರಿಸದೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಇನ್ನೊಂದು ಕೋಲನ್ನು ನನ್ನ ಕೈಯಿಂದಲೇ ಕಿತ್ತುಕೊಂಡು, ಸುತ್ತಿನಲ್ಲಿ ಬಂದು ನಿಂತರು.

ಆಡತೊಡಗಿದರೆ! ನಮ್ಮ ಬಾಯಿ ತೆರೆದದ್ದು ಮುಚ್ಚಲಿಲ್ಲ. ಹೆಜ್ಜೆ, ತಿರುವು, ಬಗ್ಗಿ ಹೊಡೆಯುವುದು, ಹಿಂದಕ್ಕೆ ಕೊಡುವುದು, ಒಂದೂ ಮರೆತಿರಲಿಲ್ಲ. ಬೆವರು ಒರೆಸಿಕೊಳ್ಳುತ್ತ ನಿಂತಾಗ ಮಂಡಿನೋವಿನ ಸುದ್ದಿಯೇ ಇಲ್ಲ. ಆದರೆ ನನ್ನನ್ನು ನೋಡಿ ಮುಖ ಸಿಂಡರಿಸಿದರು.

"ಇದೇನೇ ಏಟು? ನೊಣ ಓಡ್ಸಿದಂಗೆ ಐತೆ." ಸುತ್ತಲೂ ನೋಡಿ, ಹಾಡುವವಳ ಕಡೆ ಕೋಲು ಚಾಚಿದರು. "ನೀನ್ ಬಾರೇ ಇಲ್ಲಿ. ನೀನ್ ಒಡೆದ್ರೆ ತಾಕ್ತದೆ."

ಎತ್ತಿದ್ದ ಕೋಲುಗಳೆಲ್ಲ ಕೆಳಗಿಳಿದವು. ಕೆಳಗಿನ ಕೇರಿಯವರು ನಮ್ಮ ಅಂಗಳಕ್ಕೆ ಬಂದದ್ದೇ ಕೋಲಾಟದ ನೆಪದಲ್ಲಿ. ಅದರಲ್ಲೂ ಅವರು ಸುತ್ತಿನ ಒಂದು ಬದಿಗೆ, ಉಳಿದವರು ಇನ್ನೊಂದು ಬದಿಗೆ ನಿಲ್ಲುವಂತೆ, ಯಾರೂ ಬಾಯಿಬಿಟ್ಟು ಹೇಳದೆಯೇ ಒಂದು ಏರ್ಪಾಡು ಆಗಿತ್ತು. ಇಂಥದರಲ್ಲೆಲ್ಲ ನಮ್ಮತ್ತೆ ಊರಿಗೇ ಕಟ್ಟುನಿಟ್ಟು. ಅಂಥವರೇ ಅವಳನ್ನು ಜೋಡಿ ಮಾಡಿಕೊಂಡರೆ ಉಳಿದವರು ಏನು ಹೇಳಿಯಾರು? ಅವಳು ಅಳುಕುತ್ತಲೇ ಬಂದಳು, ಅವಳ ಜಾಗಕ್ಕೆ ನಾನು ಹೋದೆ. ಒಂದು ವಾರದಲ್ಲಿ ಅಳುಕೂ ಹೋಯಿತು, ಬದಿಗಳೂ ಕಲೆಸಿಹೋದವು. ಗ್ರಾಮಸೇವಕಿಯ ಕಣ್ಣಲ್ಲಿ ನೀರು ಬಂತು. ಬಂಗಾರಪೇಟೆಯ ಮೀಟಿಂಗಿನಲ್ಲಿ ಅವರು ನಮ್ಮತ್ತೆಯ ವಿಶಾಲ ಮನಸ್ಸಿನ ಬಗ್ಗೆ ಭಾಷಣ ಮಾಡಿದರಂತೆ.

ವಿಶಾಲ ಮನಸ್ಸು ಎಷ್ಟಿತ್ತೆಂದು ನಾನು ಹೇಳುತ್ತೇನೆ. ಆಟ ಮುಗಿದ ಮೇಲೆ ಎಲ್ಲರಿಗೂ ಕಾಫಿ. ಕೆಳಗಿನ ಕೇರಿಯವರಿಗೆ ಮಾತ್ರ ಸರದಿಯ ಮೇಲೆ ಒಂದು ಬೇರೆ ಲೋಟ, ಮೇಲಿಂದ ಹುಯ್ಯುವುದು. ಅದು ಹಾಗೆಯೇ ನಡೆಯಿತು ಬಹಳ ದಿನ. ಒಂದು ಸಂಜೆ ಆಟ ಜೋರಾಗಿ, ದಣಿದು ಕೂತಿದ್ದಾಗ ಅತ್ತೆ ಕಾಫಿ ಹಂಚುತ್ತಿದ್ದರು. ಹಾಡುವವಳ ಹತ್ತಿರ ಬಂದಾಗ ಆ ಬೇರೆ ಲೋಟ ಎಲ್ಲೂ ಕಾಣಲಿಲ್ಲ. ಅತ್ತೆ ಸ್ವಲ್ಪ ಹುಡುಕಿದರು, ಕಾಫಿ ಆರುತ್ತಿತ್ತು. "ತಗಳೇ ಅತ್ಲಾಗೆ" ಎಂದು ಕೈಯಲ್ಲಿದ್ದ ಮನೆಯ ಲೋಟವನ್ನೇ ಕೊಟ್ಟರು. ಅವಳು ತೆಗೆದುಕೊಂಡು, ನನ್ನ ಕಡೆ ಒಮ್ಮೆ ನೋಡಿ, ಕುಡಿದಳು. ಅವಳ ಹಿಂದೆ, ಜಗಲಿ ಕಲ್ಲಿನ ಸಂದಿಯಲ್ಲಿ ಆ ಬೇರೆ ಲೋಟದ ಅಂಚು ನನಗೆ ಕಂಡಿತು. ಯಾರು ಅಲ್ಲಿ ತುರುಕಿದ್ದರೋ ನಾನು ವಿಚಾರಿಸಲಿಲ್ಲ.

ತಾಲ್ಲೂಕಿನ ಮಹಿಳಾ ಮಂಡಳಿಗಳ ಸ್ಪರ್ಧೆ ಬಂಗಾರಪೇಟೆಯ ಒಂದು ಸ್ಕೂಲು ಮೈದಾನದಲ್ಲಿ ಇತ್ತು. ನಾವು ಬೆಳಗಿನ ಬಸ್ಸಿಗೆ ಕೋಲುಗಳ ಕಟ್ಟು ಹೊತ್ತುಕೊಂಡು ಹೋದೆವು. ಯಾರೋ ಜಗಳಕ್ಕೆ ಹೊರಟಿದ್ದಾರೆ ಎಂದುಕೊಂಡು ಕಂಡಕ್ಟರು ನಮಗೆಲ್ಲ ಸೀಟು ಬಿಡಿಸಿಕೊಟ್ಟ. ಅಲ್ಲಿ ನೋಡಿದರೆ ಬೇರೆ ಊರಿನ ತಂಡಗಳೆಲ್ಲ ಒಂದೇ ಬಣ್ಣದ ಸೀರೆ ಉಟ್ಟು, ಹೂ ಮುಡಿದು ನಿಂತಿದ್ದವು. ನಮ್ಮದು ಸಂತೆಯಲ್ಲಿ ರಾಶಿ ಹಾಕಿದ ತರಕಾರಿಯ ಹಾಗೆ ಎಲ್ಲಾ ಬಣ್ಣ. ಅಷ್ಟು ಜನರ ಮುಂದೆ ಕೇಳಿಸಬೇಕೆಂದು ಹಾಡುವವಳನ್ನು ಮೈಕಿನ ಮುಂದೆ ನಿಲ್ಲಿಸಿದರು. ಹೆರಿಗೆಗೆ ಹೋದವಳು ಮರಳಿದ್ದರಿಂದ ಸುತ್ತು ಸರಿಹೋಗಿ, ಅತ್ತೆಗೆ ಮತ್ತೆ ನಾನೇ ಜೋಡಿಯಾದೆ. ಅತ್ತೆ ನನ್ನ ಕೋಲುಗಳನ್ನು ನೋಡಿ, "ಇವತ್ತಾದ್ರೂ ಒಡಿ" ಎಂದರು.

ಹಾಡುವವಳು ಮೈಕು ಕಂಡದ್ದೇ ಮೊದಲು. ಮೈದಾನದ ತುದಿಯ ಮರಕ್ಕೆ ಕಟ್ಟಿದ್ದ ಇನ್ನೊಂದು ಸ್ಪೀಕರಿನಿಂದ ಅವಳ ಹಾಡು ಒಂದು ಗಳಿಗೆ ತಡವಾಗಿ ಅವಳಿಗೇ ಕೇಳಿಸಿತು. ಯಾರೋ ಅಣಕಿಸುತ್ತಿದ್ದಾರೆ ಎಂದು ಆ ಕಡೆ ತಿರುಗಿದಳು. ಹಾಡು ತಡವರಿಸಿತು. ಅಷ್ಟರಲ್ಲಿ ಮೈಕು ಕೀರಲು ದನಿಯಲ್ಲಿ ಕಿರುಚಿತು. ಅವಳ ಬಾಯಿ ಕಟ್ಟಿಹೋಯಿತು. ನಮ್ಮ ಕೋಲುಗಳು ಅಲ್ಲಲ್ಲೇ ನಿಂತವು, ಒಬ್ಬಳದು ಇನ್ನೊಬ್ಬಳ ಬೆರಳಿಗೆ ಬಡಿಯಿತು. ಜನರಲ್ಲಿ ನಗು ಶುರುವಾಯಿತು.

ಅತ್ತೆ ನಿಲ್ಲಿಸಲಿಲ್ಲ.

ಟಕ್ ಎಂದು ನನ್ನ ಕೋಲಿಗೆ ಏಟು ಬಿತ್ತು. ನಾನು ದಿಗಿಲಿನಿಂದ ತಿರುಗಿ ಕೊಟ್ಟೆ. ಮತ್ತೆ ಟಕ್. ಅವರ ಮುಖದಲ್ಲಿ ಗಾಬರಿಯಿಲ್ಲ, ಏನೂ ಆಗಿಲ್ಲವೆಂಬಂತೆ ಹೆಜ್ಜೆ ಹಾಕುತ್ತಿದ್ದರು. ತಿರುವು ಬಂದಾಗ ಪಕ್ಕದವಳ ಕೋಲಿಗೂ ಹಾಗೆಯೇ ಬಾರಿಸಿದರು. ಅವಳು ಎಚ್ಚೆತ್ತಳು. ಅವಳಿಂದ ಮುಂದಿನವಳು. ಹಾಡಿಲ್ಲ, ಹಾರ್ಮೋನಿಯಂ ಇಲ್ಲ, ಬರೀ ಕೋಲಿನ ಸದ್ದು ಸುತ್ತು ತಿರುಗಿತು. ನಗುತ್ತಿದ್ದವರು ಸುಮ್ಮನಾದರು. ಆಮೇಲೆ ಚಪ್ಪಾಳೆ ಆ ಏಟಿಗೇ ಸೇರಿಕೊಂಡು ಬೀಳತೊಡಗಿತು. ಹಾಡುವವಳು ಮೈಕನ್ನು ಅಲ್ಲೇ ಬಿಟ್ಟು ಸುತ್ತಿನ ನಡುವೆ ಬಂದು ನಿಂತು, ಹೊಲದಲ್ಲಿ ಹಾಡುವ ಹಾಗೆ ಗಂಟಲು ಬಿಟ್ಟು ಹಾಡಿದಳು. ಮೈಕಿನ ಅಗತ್ಯ ಅವಳಿಗೆ ಮೊದಲೇ ಇರಲಿಲ್ಲ.

ಮೊದಲ ಬಹುಮಾನ ಒಂದೇ ಬಣ್ಣದ ಸೀರೆಯವರಿಗೆ ಹೋಯಿತು. ನಮಗೆ ಸಮಾಧಾನಕರ ಬಹುಮಾನ ಎಂದು ತಲೆಗೊಂದು ಸ್ಟೀಲ್ ಲೋಟ. ವಾಪಸು ಬಸ್ಸಿನಲ್ಲಿ ಎಲ್ಲರೂ ಅತ್ತೆಯನ್ನು ಮುತ್ತಿಕೊಂಡರು. ನೀವಿಲ್ಲದಿದ್ದರೆ ಮಾನ ಹೋಗುತ್ತಿತ್ತು, ಹಾಡು ನಿಂತರೂ ನೀವು ನಿಲ್ಲಲಿಲ್ಲವಲ್ಲ, ಎಂಥ ಧೈರ್ಯ, ಎಂಥ ಧೈರ್ಯ. ಅತ್ತೆ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಎಲ್ಲರೂ ತಮ್ಮ ಸೀಟಿಗೆ ಹೋದ ಮೇಲೆ ನನ್ನ ಕೈ ಹಿಡಿದು ಎಳೆದರು.

"ಇವ್ರೆಲ್ಲಾ ಏನ್ ಏಳ್ತಾವ್ರೆ?"

ನಾನು ಬೆರಳನ್ನು ತುಟಿಗಿಟ್ಟು, ಕೈ ಅಲ್ಲಾಡಿಸಿ, ಹಾಡು ನಿಂತುಹೋಗಿತ್ತು ಎಂದು ತೋರಿಸಿದೆ. ಮಾತಿನಲ್ಲಿ ಹೇಳದೆ ಹಾಗೇಕೆ ತೋರಿಸಿದೆನೋ, ಆ ಹೊತ್ತಿಗೆ ನನ್ನ ಒಳಗೆ ಗೊತ್ತಾಗಿಬಿಟ್ಟಿತ್ತು. ಅತ್ತೆಯ ಮುಖದ ಬಿಗಿ ಸಡಿಲವಾಯಿತು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, ತಾವು ಗುಟ್ಟು ಎಂದುಕೊಂಡಿದ್ದ ದನಿಯಲ್ಲಿ ಹೇಳಿದರು.

"ಯಾರ್ಗೂ ಏಳ್ಬ್ಯಾಡ ಕಣೇ. ನಂಗೆ ಕಿವಿ ಕೇಳ್ಸಲ್ಲ!"

ಕಾಮಸಮುದ್ರದ ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರು ಅಲ್ಲೇ ನಿಂತು, "ಇಲ್ಲ ಬಿಡಮ್ಮ, ನಾವ್ ಯಾರ್ಗೂ ಏಳಲ್ಲ" ಎಂದ. ಅತ್ತೆಗೆ ಅದೂ ಕೇಳಿಸಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು.

ನನಗೆ ನಗು ಬಂತು, ಅಳು ಬಂತು, ಅವೆರಡಕ್ಕಿಂತ ಜೋರಾಗಿ ಸಿಟ್ಟು ಬಂತು. ಕೊಟ್ಟಿಗೆಯಲ್ಲಿ ಒಬ್ಬಳೇ ನಿಂತು ಹಸುವಿಗೆ ಕನ್ನಡ ಒಪ್ಪಿಸಿದ ದಿನಗಳೆಲ್ಲ ಕಣ್ಣ ಮುಂದೆ ಬಂದವು. ಅವರ ಕಿವಿಗೆ ಬಾಯಿಟ್ಟು ಕೂಗಿದೆ: "ಮತ್ತೆ ನನ್ ಮಾತೇ ಸರಿ ಇಲ್ಲಾಂತ ಏಳ್ತಿದ್ರಲ್ಲ?"

ಅತ್ತೆ ಯೋಚಿಸಿದರು. "ಅದೂ ಸರಿ ಇಲ್ಲ ಕಣೇ" ಎಂದರು. "ಎರಡೂ ನಿಜ."

ಮಾರನೆಯ ದಿನ ಬೋರಿಂಗ್ ಹತ್ತಿರ ಯಾರೂ ಈ ವಿಷಯ ಎತ್ತಲಿಲ್ಲ. ಆದರೆ ಆವತ್ತಿನಿಂದ ಅತ್ತೆಯನ್ನು ಮಾತಾಡಿಸುವವರು ಮೊದಲು ತೋಳು ಮುಟ್ಟಿ, ಎದುರಿಗೆ ಬಂದು ನಿಂತು, ತುಟಿ ಕಾಣುವಂತೆ ಬಿಡಿಸಿ ಬಿಡಿಸಿ ಮಾತಾಡತೊಡಗಿದರು. ಜಂಬ ಎಂಬ ಮಾತು ಊರಿಂದಲೇ ಕಾಣೆಯಾಯಿತು. ಅವರೂ ಮದುವೆ ಮನೆಗಳಿಗೆ ಹೋಗಲು ಶುರುಮಾಡಿದರು. ಸೋಬಾನೆಯಲ್ಲಿ ನಮ್ಮ ಹಾಡುವವಳ ಪಕ್ಕ ಕೂತು ಅವಳ ತುಟಿ ನೋಡಿಕೊಂಡು ಹಾಡುತ್ತಿದ್ದರು. ಎಲ್ಲರೂ ಮುಗಿಸಿದ ಮೇಲೂ ಅತ್ತೆಯದು ಒಂದು ಸಾಲು ಉಳಿಯುತ್ತಿತ್ತು, ಅದು ಮುಗಿಯಲೆಂದು ಎಲ್ಲರೂ ಕಾಯುತ್ತಿದ್ದರು.

ಮಾವನವರಿಗೆ ನಾನೇ ಹೇಳಿದೆ. ಹಗ್ಗ ಹೊಸೆಯುತ್ತಿದ್ದವರು ತಲೆ ಎತ್ತಲಿಲ್ಲ.

"ನಂಗೊತ್ತು" ಎಂದರು.

"ಗೊತ್ತಿದ್ದೂ ಸುಮ್ನಿದ್ರಾ?"

"ಮಾತಾಡ್ಸಿದ್ರೆ ಅವ್ಳು 'ಆಂ?' ಅನ್ಬೇಕಾಗ್ತಿತ್ತು. ನಾಚ್ಕೊಳ್ತಾಳೆ." ಹಗ್ಗದ ಎಳೆಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಮತ್ತೆ ಹೊಸೆಯತೊಡಗಿದರು. ಮದುವೆಯಾದಾಗಿನಿಂದ ನಾನು ಅವರ ಬಾಯಲ್ಲಿ ಕೇಳಿದ್ದರಲ್ಲಿ ಅದೇ ದೊಡ್ಡ ಮಾತು.

ರಾಬರ್ಟ್‌ಸನ್‌ಪೇಟೆಯ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಬೆಂಕಿಪೊಟ್ಟಣದಷ್ಟು ದೊಡ್ಡ ಮಿಷನ್ನು, ಅದಕ್ಕೊಂದು ವಯರು, ಕಿವಿಗೆ ಸಿಕ್ಕಿಸುವ ಗುಂಡಿ, ಎಲ್ಲಾ ಹಾಕಿಸಿಕೊಂಡು ಬಂದೆವು. ಮೊದಲ ದಿನ ಅತ್ತೆ ಹಸುವಿನ ಮುಂದೆ, ಒಲೆಯ ಮುಂದೆ, ಮಳೆನೀರು ಬೀಳುವ ಸೂರಿನ ಕೆಳಗೆ ನಿಂತು ನಿಂತು ಕೇಳಿದರು. ನಾನು "ಅತ್ತೆ" ಎಂದರೆ ಸಣ್ಣ ಮಗುವಿನಂತೆ ತಿರುಗುತ್ತಿದ್ದರು. ಸಂಜೆ ಅದನ್ನು ಹಾಕಿಕೊಂಡೇ ಕೋಲಾಟಕ್ಕೆ ಬಂದರು. ನಾವು ಪಲ್ಲವಿಗೆ ದನಿಗೂಡಿಸಿದೆವು. ಅತ್ತೆ ಆಟದ ನಡುವೆಯೇ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದರು.

"ಇಷ್ಟು ದಿನ ಇಂಗೇ ಆಡ್ತಿದ್ರಾ ನೀವು?" ಹಾಡುವವಳ ಭುಜ ತಟ್ಟಿ, "ಇವ್ಳೊಬ್ಳು ಸರಿ. ನೀವೆಲ್ಲಾ ಬಾಯ್ ಮುಚ್ಕೊಂಡ್ ಒಡೀರಿ" ಎಂದು, ಮಿಷನ್ನು ತೆಗೆದು ರವಿಕೆಯೊಳಗೆ ಇಟ್ಟುಕೊಂಡರು.

ಆಮೇಲೆ ಎಷ್ಟೋ ವರ್ಷ ನಮ್ಮ ತಂಡ ಆಡಿತು. ಗಣಿಯಲ್ಲಿ ಕೆಲಸ ಕಡಿಮೆಯಾಗುತ್ತ ಬಂದ ಕಾಲದಲ್ಲಿ ಒಂದು ಪೊಂಗಲ್ ಹಬ್ಬಕ್ಕೆ ನಮ್ಮನ್ನು ಊರಿಗಾಂನ ನನ್ನ ತವರಿನ ಲೈನಿಗೇ ಕರೆದರು. ಅಪ್ಪ ಆಗಲೇ ಕೆಲಸದಿಂದ ಬಿಡುಗಡೆಯಾಗಿ, ಕೆಮ್ಮುತ್ತ ಬಾಗಿಲಲ್ಲಿ ಕೂತಿರುತ್ತಿದ್ದರು. ಅಮ್ಮನಿಗೂ ಅತ್ತೆಗೂ ನನ್ನ ಮದುವೆಯ ದಿನದಿಂದಲೇ ಅಷ್ಟಕ್ಕಷ್ಟೆ. ಮಗಳ ಮಾತಿಗೆ ಬೀಗಿತ್ತಿ ನಗುತ್ತಾಳೆಂದು ಅಮ್ಮನಿಗೆ ಸಿಟ್ಟು. ಬೀಗಿತ್ತಿಯ ಮಾತು ತಿಳಿಯುವುದೇ ಇಲ್ಲವೆಂದು ಅತ್ತೆಗೆ ತಾತ್ಸಾರ.

ಸಾಲುಮನೆಗಳ ನಡುವಿನ ಬೀದಿಯಲ್ಲಿ ನಾವು ಆಡಿದೆವು. ಎಡಗೋಡೆಯ ತಮಿಳು ಅಕ್ಕ, ಬಲಗೋಡೆಯ ತೆಲುಗು ಚಿಕ್ಕಮ್ಮ, ಎಲ್ಲರೂ ಮಧ್ಯಾಹ್ನದ ಬಿಸಿಲಿನಲ್ಲಿ ಬಾಗಿಲಿಗೆ ಬಂದರು. ಎರಡನೆಯ ಹಾಡಿಗೆ ತಡೆಯಲಾರದೆ ಅವರೂ ಕೋಲು ಕೇಳಿದರು. ಚಿಕ್ಕವರಿದ್ದಾಗ ತಾವೂ ಆಡುತ್ತಿದ್ದೆವು ಎಂದು ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ ಹೇಳಿದರು. ಯಾರ ಹೆಜ್ಜೆಗೂ ಯಾರ ಹೆಜ್ಜೆ ಕೂಡದೆ ಸುತ್ತು ಗೋಜಲಾಯಿತು. ಅತ್ತೆ ಎಲ್ಲರನ್ನೂ ತೋಳು ಹಿಡಿದು ಸಾಲಾಗಿ ನಿಲ್ಲಿಸಿದರು. ಒಬ್ಬಳು ಜಾಸ್ತಿಯಾದಳು. ಜೋಡಿ ಬೇಕು. ಅತ್ತೆ ಸುತ್ತಲೂ ನೋಡಿ, ಬಾಗಿಲ ಕಂಬಕ್ಕೆ ಒರಗಿ ಮುಖ ಊದಿಸಿಕೊಂಡು ನಿಂತಿದ್ದ ನನ್ನ ಅಮ್ಮನ ಹತ್ತಿರ ಹೋಗಿ ಕೈಗೆ ಕೋಲು ಕೊಟ್ಟರು.

"ವೇಂಡಾಮ್ಮಾ, ನಂಗ್ ಬರಲ್ಲ, ನಾಕು ರಾದು" ಎಂದಳು ಅಮ್ಮ, ಮೂರು ಭಾಷೆಯಲ್ಲೂ ನಿರಾಕರಿಸುತ್ತ.

ಅತ್ತೆಯ ಮಿಷನ್ನು ರವಿಕೆಯೊಳಗಿತ್ತು. ಅವರು ಅಮ್ಮನನ್ನು ಎಳೆದುಕೊಂಡು ಬಂದು ಸುತ್ತಿನಲ್ಲಿ ನಿಲ್ಲಿಸಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೋಲನ್ನು ಸರಿಯಾಗಿ ಹಿಡಿಸಿದರು. ಅಮ್ಮ ಹೆದರಿ ಮೆಲ್ಲಗೆ ಒಂದು ಏಟು ಕೊಟ್ಟಳು.

"ಅವ್ವನೂ ಮಗಳೂ ಒಂದೇ" ಎಂದು ಅತ್ತೆ ನನ್ನ ಕಡೆ ತಿರುಗಿ ಕೂಗಿದರು. "ಬೀಗಿತ್ತಿಗೆ ಏಳೇ, ಸೌಟು ಇಡ್ಕೊಂಡಂಗೆ ಇಡ್ಕೋಬ್ಯಾಡಾಂತ."

ಅಮ್ಮನಿಗೆ ನಾನು ಹೇಳಬೇಕಾಗಲಿಲ್ಲ. ಅವಳಿಗೆ ಚೆನ್ನಾಗಿಯೇ ಕೇಳಿಸಿತ್ತು. ಸೆರಗು ಬಿಗಿದು, ಹಲ್ಲು ಕಚ್ಚಿ, ಎರಡನೆಯ ಏಟನ್ನು ಎಷ್ಟು ಜೋರಾಗಿ ಬಾರಿಸಿದಳೆಂದರೆ ಅತ್ತೆ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಅವರ ಮುಖದ ತುಂಬ ನಗು ಬಂತು, ಬಾಗಿಲಲ್ಲಿ ಕೂತಿದ್ದ ಅಪ್ಪ ಕೆಮ್ಮಿನ ನಡುವೆಯೇ ಚಪ್ಪಾಳೆ ತಟ್ಟಿದರು, ಹಾಡುವವಳು ಗಂಟಲು ಸರಿಮಾಡಿಕೊಂಡು ಮತ್ತೆ ಮೊದಲಿಂದ ಎತ್ತಿಕೊಂಡಳು.